ಉದ್ಯೋಗ ಖಾತ್ರಿ: 60:40 ಅಂದ್ರೆ ಒಂದಲ್ಲ, ಎರಡು ಲೆಕ್ಕ

ಉದ್ಯೋಗ ಖಾತ್ರಿ ಬಗ್ಗೆ ಯಾವ ಪಕ್ಷದವರು ಮಾತಾಡಿದರೂ 60:40 ಅನ್ನೋ ಲೆಕ್ಕ ಬಂದೇ ಬರುತ್ತೆ. ಆದರೆ ಈ ಹೆಸರಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಎರಡನ್ನೂ ಕಲಸಿಕೊಂಡರೆ ಜಗಳ ಯಾತಕ್ಕೆ ಅಂತಲೇ ತಿಳಿಯಲ್ಲ.

ಹಳೆ ಲೆಕ್ಕ: ಕೂಲಿ ಎಷ್ಟು, ಸಾಮಗ್ರಿ ಎಷ್ಟು

2005ರ ಕಾಯ್ದೆ 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಯಾಯಿತು. ರಾಜ್ಯದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಮೊದಲ ಜಿಲ್ಲೆಗಳು. 2008ರ ಹೊತ್ತಿಗೆ ಉಳಿದ ಜಿಲ್ಲೆಗಳಿಗೂ ಬಂತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಕೊಡುವ ಖಾತ್ರಿ ಇದರದ್ದು.

ಒಟ್ಟು ಖರ್ಚಿನಲ್ಲಿ ಕನಿಷ್ಠ 60 ಭಾಗ ಕೂಲಿಗೇ ಹೋಗಬೇಕು. ಸಿಮೆಂಟು, ಜಲ್ಲಿ, ಕಬ್ಬಿಣ, ಮೇಸ್ತ್ರಿ ಕೂಲಿ ಎಲ್ಲ ಸೇರಿ 40 ದಾಟುವಂತಿಲ್ಲ. ಗುತ್ತಿಗೆದಾರರಿಗೆ ಅವಕಾಶವಿಲ್ಲ. ಅಂದ್ರೆ 10 ಲಕ್ಷ ಖರ್ಚಾದರೆ ಕನಿಷ್ಠ 6 ಲಕ್ಷ ಕೂಲಿಕಾರರ ಖಾತೆಗೆ. ಆ ದುಡ್ಡು ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಹಳೇ ಉದ್ರಿ ತೀರಿಸೋದರಲ್ಲಿ ಊರಲ್ಲೇ ಓಡಾಡುತ್ತೆ.

ಟೆಂಡರ್ ರಸ್ತೆಯ ಕಥೆ ಬೇರೆ. ಅಲ್ಲಿ ಜೆಸಿಬಿ, ಟಿಪ್ಪರ್ ಕೆಲಸವೇ ಜಾಸ್ತಿ. ರಸ್ತೆ ಕಣ್ಣಿಗೆ ಕಾಣುತ್ತೆ, ಗುದ್ದಲಿ ಪೂಜೆ ಆಗುತ್ತೆ, ಆದರೆ ಊರಿನವರಿಗೆ ಸಿಗುವ ಕೂಲಿ ದಿನ ಕಡಿಮೆ. ಬದು, ಕೃಷಿ ಹೊಂಡ, ಕೆರೆ ಹೂಳಿನ ಕೆಲಸಕ್ಕೆ ಫ್ಲೆಕ್ಸ್ ಹಾಕೋರು ಕಡಿಮೆ.

ಹೊಸ ಲೆಕ್ಕ: ದುಡ್ಡು ಯಾರದ್ದು

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೇ ಕಾಯ್ದೆಯ ಬದಲಿಗೆ 'ವಿಬಿ-ಜಿ ರಾಮ್ ಜಿ' ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಖಾತ್ರಿ 125 ದಿನ. ಕೇಳೋಕೆ 25 ದಿನ ಜಾಸ್ತಿ. 2025-26ರ ರಾಜ್ಯದ ದಿನಗೂಲಿ 370 ರೂಪಾಯಿ ಹಿಡಿದರೆ ಕುಟುಂಬದ ಗರಿಷ್ಠ ಕೂಲಿ 37,000ದಿಂದ 46,250 ರೂಪಾಯಿಗೆ ಏರುತ್ತೆ.

ಇಲ್ಲಿ 60:40 ಅಂದ್ರೆ ಕೇಂದ್ರ 60, ರಾಜ್ಯ 40. ಮೊದಲು ಕೂಲಿಯ ಪೂರ್ತಿ ದುಡ್ಡು ಕೇಂದ್ರದ್ದೇ. ಸಾಮಗ್ರಿಯಲ್ಲಿ ಮಾತ್ರ ರಾಜ್ಯ ಕಾಲು ಭಾಗ ಕೊಡುತ್ತಿತ್ತು. ಈಗ 10 ಲಕ್ಷ ಕೂಲಿಯಲ್ಲಿ 4 ಲಕ್ಷ ರಾಜ್ಯದ ಪಾಲು. ಜೊತೆಗೆ ಪ್ರತಿ ರಾಜ್ಯಕ್ಕೂ ಕೇಂದ್ರವೇ ವರ್ಷದ ಮಿತಿ ನಿಗದಿ ಮಾಡುತ್ತೆ. ಅದು ಮೀರಿದರೆ ಖರ್ಚು ರಾಜ್ಯದ್ದು. ಬಿತ್ತನೆ, ಕೊಯ್ಲಿನ ಸಮಯದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬಹುದು.

ಕೆಲಸದ ದಿನ ಹೆಚ್ಚಾಯ್ತು, ಬಾಳಿಕೆ ಬರುವ ಆಸ್ತಿ ಆಗುತ್ತೆ, ಸುಗ್ಗಿಗೆ ರೈತರಿಗೆ ಆಳು ಸಿಗ್ತಾರೆ ಅನ್ನೋದು ಕೇಂದ್ರದ ವಾದ. ಹೊರೆ ನಮ್ಮ ಮೇಲೆ ಬಿತ್ತು, ಕೇಳಿದಷ್ಟು ಕೆಲಸ ಕೊಡೋ ಹಕ್ಕೇ ಹೋಯ್ತು ಅನ್ನೋದು ಇದನ್ನು ವಿರೋಧಿಸಿದ ರಾಜ್ಯ ಸರ್ಕಾರದ ವಾದ.

ಜನ ನೋಡಬೇಕಾದ್ದು

ಕಾಗದದ ಮೇಲೆ 125 ದಿನ ಇದ್ದರೆ ಸಾಲದು. ರಾಜ್ಯದ ಬಜೆಟ್‌ನಲ್ಲಿ 40ರ ಪಾಲು ಇಟ್ಟಿದ್ದಾರಾ, ಪಂಚಾಯ್ತಿ ಕ್ರಿಯಾ ಯೋಜನೆಯಲ್ಲಿ ಕೂಲಿ ಕೆಲಸ ಎಷ್ಟಿದೆ ಅಂತ ಗ್ರಾಮಸಭೆಯಲ್ಲಿ ಕೇಳಬೇಕು. ಕೆಲಸ ಕೇಳುವಾಗ ಬಾಯಿಮಾತು ಬೇಡ. ಅರ್ಜಿ ಕೊಟ್ಟು, ದಿನಾಂಕ ಇರುವ ರಸೀದಿ ತಗೊಳ್ಳಿ. 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳೋಕೆ ಆ ರಸೀದಿಯೇ ಆಧಾರ.