ಮಾರಿ, ಗಡಿ ಮತ್ತು ನರರೋಗಿ: ಪರ್ಕಳ ಪರಿಸರದಿಂದ ಒಂದು ಟಿಪ್ಪಣಿ

ತುಳುನಾಡಿನ ಜನಪದ ಕಲ್ಪನೆಯಲ್ಲಿ ‘ಮಾರಿ’ ಒಬ್ಬನ ರೋಗವಲ್ಲ, ಊರಿನ ರೋಗ. ಆಟಿ ತಿಂಗಳಲ್ಲಿ ತೆಂಗಿನ ಎಳೆಗರಿಯುಟ್ಟು ಮನೆಮನೆಗೆ ಬರುವ ಕಳೆಂಜನು ಅಕ್ಕಿ, ಉಪ್ಪು, ಮೆಣಸು, ಇದ್ದಿಲುಗಳನ್ನು ಪಡೆದು ಊರಿನ ಮಾರಿಯನ್ನು ಕಳೆಯುತ್ತಾನೆ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆಗಳು ನಡೆಯುತ್ತವೆ. ಈ ಆಚರಣೆಗಳ ಸಾಮೂಹಿಕತೆಯನ್ನು ವಿದ್ವಾಂಸರು ಬಹುವಾಗಿ ಮೆಚ್ಚಿದ್ದಾರೆ. ಮಾರಿ ಬರುವ ಮೊದಲೇ ದೀರ್ಘ ಕಾಯಿಲೆಯಲ್ಲಿದ್ದವನ ಗತಿಯೇನೆಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ.

2020ರ ಕೋವಿಡ್ ಈ ಪ್ರಶ್ನೆಯನ್ನು ಮುಂದಕ್ಕೆ ತಂದಿತು. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ವ್ಯಾಧಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯ ಮೇಲೆ ಎರಗಿ ಉರಿಯೂತವನ್ನು ಉಂಟುಮಾಡುತ್ತದೆ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರ ಪ್ರಮಾಣ ಲಕ್ಷಕ್ಕೆ ಸುಮಾರು 8. ಇಷ್ಟು ವಿರಳವಾದುದನ್ನು ಊರಮಾತು ವಾತವೆಂದೋ ಪಾರ್ಶ್ವವಾಯುವೆಂದೋ ಕರೆದು ಸುಮ್ಮನಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಅದಕ್ಕೆ ಸ್ವಂತ ಹೆಸರು ದೊರೆತಿದೆ.

ಪರ್ಕಳದವರಿಗೆ ಮಣಿಪಾಲದ ಆಸ್ಪತ್ರೆ ಮಗ್ಗುಲಲ್ಲೇ ಇದೆ. ಮಂಗಳೂರನ್ನು ನಂಬಿದ ಕಾಸರಗೋಡಿನ ರೋಗಿಗಳ ಸ್ಥಿತಿ ಬೇರೆ. 2020ರ ಮಾರ್ಚ್‌ನಲ್ಲಿ ಕರ್ನಾಟಕವು ಗಡಿರಸ್ತೆಗಳನ್ನು ಮುಚ್ಚಿತು. ತುರ್ತು ಚಿಕಿತ್ಸೆಗೆ ಹೊರಟವರಿಗೂ ತಲಪಾಡಿ ದಾಟುವುದು ದುಸ್ತರವಾಯಿತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಮಧ್ಯಪ್ರವೇಶಿಸಬೇಕಾಯಿತು. ಕಳೆಂಜ ಊರಿನಿಂದ ಆಚೆಗೆ ಅಟ್ಟುವುದು ಮಾರಿಯನ್ನು. ಇಲ್ಲಿ ಗಡಿಯಲ್ಲಿ ನಿಂತದ್ದು ರೋಗಿ.

ಇದಕ್ಕಿಂತ ಸೂಕ್ಷ್ಮವಾದ ಗಡಿಯೊಂದು ವಯಸ್ಸಿನದು. ಈ ವ್ಯಾಧಿಗೆ ಬಳಸುವ ರಿಟುಕ್ಸಿಮ್ಯಾಬ್ ರಕ್ತದ ಬಿ ಕಣಗಳನ್ನು ತಗ್ಗಿಸುತ್ತದೆ. ಹೀಗಾಗಿ ಅದನ್ನು ಪಡೆಯುವವರಲ್ಲಿ ಕೋವಿಡ್ ಉಲ್ಬಣಿಸುವ ಸಂಭವ ಹೆಚ್ಚು, ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಕಡಿಮೆ. ಔಷಧ ಬಿಟ್ಟರೆ ನರಗಳ ಉರಿಯೂತ ಮರುಕಳಿಸುವ ಭಯ. 2021ರ ಮಾರ್ಚ್ 1ರಿಂದ 60 ದಾಟಿದವರಿಗೂ, ಇತರ ಕಾಯಿಲೆಯುಳ್ಳ 45ರಿಂದ 59ರ ವಯೋಮಾನದವರಿಗೂ ಲಸಿಕೆ ದೊರೆಯಿತು. ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು ಆ ಪಟ್ಟಿಯಲ್ಲಿದ್ದರು, ನಿಜ. ಆದರೆ ಈ ವ್ಯಾಧಿ ಸಾಮಾನ್ಯವಾಗಿ ತಲೆದೋರುವುದೇ 20ರಿಂದ 40ರ ನಡುವೆ. ಮೂವತ್ತರ ರೋಗಿಯು, ಆರೋಗ್ಯವಂತ ಓರಗೆಯವರಂತೆಯೇ, ಮೇ 1ರವರೆಗೆ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ಇಂಥವರಿಗೆ ಹೆಚ್ಚುವರಿ ಡೋಸ್ ಶಿಫಾರಸು ಮಾಡಿತು. 2022ರ ಜನವರಿ 10ರಂದು ಭಾರತದಲ್ಲಿ ಮುನ್ನೆಚ್ಚರಿಕೆ ಡೋಸ್ ಆರಂಭವಾದಾಗ, ಆರೋಗ್ಯ ಮತ್ತು ಮುಂಚೂಣಿ ಕಾರ್ಯಕರ್ತರನ್ನು ಬಿಟ್ಟರೆ, ಅದು ದೊರೆತದ್ದು ಇತರ ಕಾಯಿಲೆಗಳಿದ್ದ, 60 ದಾಟಿದವರಿಗೆ.