ಹಕೋನೆ ಘಟ್ಟದ ಒಂದು ಸವಾರಿ

2019ರಲ್ಲಿ ನಾನು ಮತ್ತು ನನ್ನಾಕೆ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು. ನಿವೃತ್ತನಾದ ಮರುವರ್ಷವೇ ಕೈಗೂಡಿದ ಪ್ರವಾಸವದು. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಗೋ ವಿಳಾಸ ಪತ್ತೆಮಾಡಿಕೊಂಡು ಬಂದ. ತನ್ನ ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾನೆ. ಅವನ ತರಗತಿಯವರು ಊಹಿಸಿಕೊಳ್ಳಬಹುದು. ಅವನ ಬಳಿ ಪೋರ್ಷೆ ಬಾಕ್ಸ್‌ಸ್ಟರ್ ಎಂಬ ಜರ್ಮನ್ ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಆಸನ, ಮೇಲೆ ಮಡಚುವ ಛಾವಣಿ. ಇಂಥ ವಾಹನವನ್ನು ಅಲ್ಲಿ ರೋಡ್‌ಸ್ಟರ್ ಎನ್ನುತ್ತಾರೆ. ಆ ದಿನ ಅವನು ಹೊರಟಿದ್ದು ಇನ್ನೊಂದು ರೋಡ್‌ಸ್ಟರನ್ನು ಓಡಿಸಿ ನೋಡುವುದಕ್ಕೆ, ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5. "ಬನ್ನಿ ಸಾರ್, ಒಂದು ಸುತ್ತು ಹೋಗಿ ಬರೋಣ" ಎಂದ. ಮಾರಾಟದವನು ಅವನ ಲೈಸೆನ್ಸಿನ ಪ್ರತಿ ತೆಗೆದಿಟ್ಟುಕೊಂಡು, ತನ್ನ ಆಸನವನ್ನು ನನಗೆ ಬಿಟ್ಟುಕೊಟ್ಟ.

ಆ ಕಾರಿನಲ್ಲಿ ಕುಳಿತುಕೊಳ್ಳುವುದೆಂದರೆ ನೆಲದ ಮೇಲೆ ಚಾಪೆ ಹಾಸಿ ಕಾಲು ಚಾಚಿದಂತೆ. ಪಕ್ಕದಲ್ಲಿ ಹಾದುಹೋಗುವ ಲಾರಿಯ ಚಕ್ರ ನನ್ನ ಕಿವಿಯ ಮಟ್ಟಕ್ಕಿತ್ತು. ಮೊದಲ ಹತ್ತು ನಿಮಿಷ ನಾನು ಬಾಗಿಲ ಹಿಡಿಯನ್ನು ಬಿಡಲಿಲ್ಲ. ಆಮೇಲೆ ಗುಡ್ಡದ ತಿರುವುಗಳು ಬಂದವು. ವಿಚಿತ್ರವೆಂದರೆ ನಾವು ಹೋಗುತ್ತಿದ್ದ ವೇಗ ನಮ್ಮೂರಿನ ಖಾಸಗಿ ಬಸ್ಸಿಗಿಂತ ಹೆಚ್ಚೇನೂ ಇರಲಿಲ್ಲ. ಆದರೂ ಹುಡುಗನ ಮುಖದಲ್ಲಿ (ನಲವತ್ತು ದಾಟಿದವನು, ನನಗೆ ಹುಡುಗನೇ) ಒಂಬತ್ತನೆಯ ತರಗತಿಯಲ್ಲಿ ಕ್ರಿಕೆಟ್ಟಿಗೆ ಹೊರಡುವಾಗ ಇರುತ್ತಿದ್ದ ಕಳೆ ಮೂಡಿತ್ತು. "ನನ್ನ ಕಾರಿನ ಶಕ್ತಿಯನ್ನು ಪೂರ್ತಿ ಬಳಸುವಂಥ ರಸ್ತೆ ನನಗೆ ಇದುವರೆಗೂ ಸಿಕ್ಕಿಲ್ಲ ಸಾರ್. ಇದನ್ನು ಪೂರ್ತಿ ಓಡಿಸಬಹುದು" ಎಂದ. ಈ ಪುಟ್ಟ ಕಾರಿನ ತೂಕ ಸುಮಾರು 1,060 ಕಿಲೋ. ಅವನದಕ್ಕಿಂತ 200 ಕಿಲೋಗೂ ಹೆಚ್ಚು ಹಗುರ. ಹಿಂದಿರುಗಿ ಬೀಗದ ಕೈ ಒಪ್ಪಿಸುವಾಗ ಮಾತಿಗೆ ಮಾತು ಸೇರಿಸಿ ಕೇಳಿದ: "ಇದನ್ನು ಎಲ್ಲಿ ಮಾಡುತ್ತಾರೆ ಗೊತ್ತೇ ಸಾರ್? ಹಿರೋಶಿಮಾದಲ್ಲಿ."

ನಾನು ಮಾತು ಮುಂದುವರಿಸಲಿಲ್ಲ. ಹಿರೋಶಿಮಾ ಎಂಬ ಹೆಸರನ್ನು ಮೂವತ್ತೈದು ವರ್ಷ, ವರ್ಷಕ್ಕೊಮ್ಮೆ, ಹಲಗೆಯ ಮೇಲೆ ಬರೆದವನು ನಾನು. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ನಂತರ ನಾಗಸಾಕಿ, ಜಪಾನಿನ ಶರಣಾಗತಿ, ವಿಶ್ವಸಂಸ್ಥೆ. ಒಂದು ವರ್ಷ ಯಾರೋ ಎದ್ದು ನಿಂತು, "ಆಮೇಲೆ ಆ ಊರಿನವರು ಏನು ಮಾಡಿದರು ಸಾರ್?" ಎಂದು ಕೇಳಿದ್ದರು. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದಿದ್ದೆ. ಗಂಟೆ ಹೊಡೆಯಲು ಐದು ನಿಮಿಷವಿತ್ತು, ಪಾಠ ಮುಗಿಸುವ ಅವಸರವಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಉತ್ತರ ನನಗೆ ಗೊತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಆ ಊರಿನವರು ಮಾಡಿದ ಮೊದಲ ಕೆಲಸಗಳಲ್ಲೊಂದು ಟ್ರಾಮ್ ಓಡಿಸಿದ್ದು. ಬಾಂಬು ಬಿದ್ದ ಮೂರನೆಯ ದಿನ, ಆಗಸ್ಟ್ 9ರಂದು, ಬೂದಿಯಾದ ನಗರದ ಒಂದು ತುಂಡು ಹಳಿಯ ಮೇಲೆ ಟ್ರಾಮ್ ಮತ್ತೆ ಸಂಚರಿಸಿತು. ನಗರದ ಅಂಚಿನಲ್ಲಿ ಟೊಯೊ ಕೊಗ್ಯೊ ಎಂಬ ಕಾರ್ಖಾನೆ ಇತ್ತು. 1920ರಲ್ಲಿ ಬಿರಡೆಯ ಸಾಮಾನು ತಯಾರಿಸುವ ಸಂಸ್ಥೆಯಾಗಿ ಹುಟ್ಟಿ, 1931ರಿಂದ ಮೂರು ಚಕ್ರದ ಸರಕು ಗಾಡಿಗಳನ್ನು ಮಾಡುತ್ತಿತ್ತು. ಆ ಗಾಡಿಗಳಿಗೆ ಇಟ್ಟ ಹೆಸರು ಮಾಜ್ದಾ. ಸಂಸ್ಥೆಯನ್ನು ಬೆಳೆಸಿದ ಮಾತ್ಸುದಾ ಅವರ ಹೆಸರಿನ ಛಾಯೆಯೂ ಅದರಲ್ಲಿದೆ, ಪಾರಸಿಗಳ ಜ್ಞಾನದೇವತೆ ಅಹುರ ಮಜ್ದಾನ ಹೆಸರೂ ಇದೆ. ನಗರಕ್ಕೂ ಕಾರ್ಖಾನೆಗೂ ನಡುವೆ ಹಿಜಿಯಾಮಾ ಎಂಬ ಪುಟ್ಟ ಗುಡ್ಡ ಅಡ್ಡ ನಿಂತಿದ್ದರಿಂದ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬರತೊಡಗಿದವು. ಊರನ್ನು ಮತ್ತೆ ಕಟ್ಟಬೇಕಾದರೆ ಮರಮುಟ್ಟು ಸಾಗಿಸಲು ಗಾಡಿ ಬೇಕಷ್ಟೆ.

ಮರುವರ್ಷ, 1946ರಲ್ಲಿ, ಆ ಕಾರ್ಖಾನೆಗೆ ಒಬ್ಬ ತರುಣ ಕೆಲಸ ಹುಡುಕಿಕೊಂಡು ಬಂದ. ಹೆಸರು ಕೆನ್‌ಇಚಿ ಯಮಾಮೊತೊ. ತೋಕಿಯೋದ ಸಾಮ್ರಾಟ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಕಲಿತವನು, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದವನು. ಊರಿಗೆ ಮರಳಿದಾಗ ಅವನ ತಂಗಿ ಬಾಂಬಿಗೆ ಬಲಿಯಾಗಿದ್ದಳು. ಪದವೀಧರನಾದರೂ ಸಿಕ್ಕಿದ್ದು ಮೂರು ಚಕ್ರದ ಗಾಡಿಯ ಗೇರು ಪೆಟ್ಟಿಗೆ ಜೋಡಿಸುವ ಕಾರ್ಮಿಕನ ಕೆಲಸ. ಅದನ್ನೇ ಮಾಡಿದ.

ಮುಂದೆ ಯಮಾಮೊತೊ ಅವರ ಹೆಸರು ಲೋಕಕ್ಕೆ ತಿಳಿದದ್ದು ರೋಟರಿ ಎಂಜಿನ್‌ನಿಂದ. ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಇದರಲ್ಲಿ ಮುಮ್ಮೂಲೆಯ ಒಂದು ಗುಂಡು, ನಡು ಸ್ವಲ್ಪ ಒಳಸೇರಿದ ಕಡಲೆಕಾಯಿಯಂಥ ಕವಚದೊಳಗೆ ಸುತ್ತುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್‌ರ ಕಲ್ಪನೆಯಿದು. ಅಲ್ಲಿನ ಎನ್‌ಎಸ್‌ಯು ಕಂಪನಿಯಿಂದ ಹಿರೋಶಿಮಾದವರು 1961ರಲ್ಲಿ ಪರವಾನಗಿ ಪಡೆದರು. ತಂದು ಓಡಿಸಿದರೆ ಕವಚದ ಒಳಮೈಯಲ್ಲಿ ಅಲೆಅಲೆಯಾಗಿ ಗೀರುಗಳು ಬೀಳುತ್ತಿದ್ದವು. ದೆವ್ವದ ಉಗುರಿನ ಗೀರು ಎಂದು ಅವರೇ ಹೆಸರಿಟ್ಟರು. 1963ರಲ್ಲಿ ಯಮಾಮೊತೊ ಅವರ ಕೈಕೆಳಗೆ 47 ಎಂಜಿನಿಯರುಗಳ ತಂಡ ರಚನೆಯಾಯಿತು. ಒಡೆಯನಿಗಾಗಿ ಪ್ರಾಣ ತೆತ್ತ 47 ಸಮುರಾಯಿಗಳ ಕಥೆ ಜಪಾನಿನ ಮನೆಮನೆಗೂ ಗೊತ್ತು. ಆ ಸಂಖ್ಯೆಯ ಭಾರ ಊಹಿಸಿಕೊಳ್ಳಿ. ಇಂಗಾಲಕ್ಕೆ ಅಲ್ಯೂಮಿನಿಯಂ ಬೆರೆಸಿದ ಸೀಲುಗಳಿಂದ ಗೀರಿನ ಕಾಟ ತೀರಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಹೊರಬಂತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲು ಕುಡಿಯುವ ಈ ಎಂಜಿನ್ ಕಂಪನಿಯನ್ನೇ ಮುಳುಗಿಸುವಂತಾಯಿತು. ಆದರೂ ಬಿಡದೆ 1978ರಲ್ಲಿ ಆರ್‌ಎಕ್ಸ್-7 ಎಂಬ ರೋಟರಿ ಸ್ಪೋರ್ಟ್ಸ್ ಕಾರನ್ನು ತಂದು ಅಮೆರಿಕದಲ್ಲಿ ಗೆದ್ದರು.

ಈ ಗೆಲುವಿನ ಹೊತ್ತಿಗೆ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಯಮಾಮೊತೊ ಅವರನ್ನು ಭೇಟಿಯಾದರು. ಜಪಾನೀ ಭಾಷೆ ಬಲ್ಲ ಮನುಷ್ಯ. ಮಾಜ್ದಾ ಮುಂದೆ ಯಾವ ಕಾರು ಮಾಡಬೇಕೆಂದು ಯಮಾಮೊತೊ ಕೇಳಿದಾಗ, ಹಳೆಯ ಇಂಗ್ಲಿಷ್ ಮಾದರಿಯ, ಹಗುರವಾದ, ಅಗ್ಗದ, ತೆರೆದ ಛಾವಣಿಯ ಎರಡಾಸನದ ಕಾರನ್ನು ಮಾಡಿರೆಂದು ಹೇಳಿದರು. ಅದೊಂದು ವಿಲಕ್ಷಣ ಸಲಹೆಯೇ ಸರಿ, ಏಕೆಂದರೆ ಆ ಜಾತಿಯ ಕಾರುಗಳು ಆಗ ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕನ್ ಸೈನಿಕರು ಇಂಗ್ಲೆಂಡಿನ ಎಂಜಿ ಕಾರುಗಳಿಗೆ ಮನಸೋತರು. ಅಮೆರಿಕದಲ್ಲಿ ಅವಕ್ಕೆ ದೊಡ್ಡ ಮಾರುಕಟ್ಟೆ ಬೆಳೆಯಿತು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಹೊಗೆ ಮತ್ತು ಸುರಕ್ಷತೆಯ ಕಾನೂನುಗಳಿಗಾಗಿ ಅವುಗಳ ತೂಕ ಹೆಚ್ಚಿತು, ಎಂಜಿನ್‌ನ ಕಸುವು ತಗ್ಗಿತು, ಮುಖಕ್ಕೆ ದಪ್ಪ ರಬ್ಬರಿನ ಬಂಪರು ಬಂತು. ಹೊಸದಾಗಿ ರೂಪಿಸಲು ಬ್ರಿಟಿಷ್ ಕಂಪನಿಯ ಬಳಿ ಹಣವಿರಲಿಲ್ಲ. 1980ರ ಆಗಸ್ಟಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ನಿಂತಿತು. ಅಕ್ಟೋಬರಿನಲ್ಲಿ ಎಂಜಿಯ ಆಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ದಿನ ಯಮಾಮೊತೊ ಅವರ ಕೈಗೆ ಬಂದದ್ದು ಅಂಥದೇ ಒಂದು ಸ್ಪಿಟ್‌ಫೈರ್. ಹಕೋನೆ ಎಂಬುದು ಫ್ಯೂಜಿ ಪರ್ವತದ ಆಗ್ನೇಯಕ್ಕಿರುವ ಬೆಟ್ಟದ ಸೀಮೆ. ಬಿಸಿನೀರಿನ ಬುಗ್ಗೆಗಳಿಗೂ ಸುತ್ತುಬಳಸು ದಾರಿಗೂ ಹೆಸರಾದದ್ದು. ನಮ್ಮ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಮನಸ್ಸಿಗೆ ತಂದುಕೊಳ್ಳಿ. ಅಲ್ಲಿನ ತಿರುವುಗಳಲ್ಲಿ ಅವರು ಈ ಕಾರನ್ನು ಓಡಿಸಿದರು. ಅರುವತ್ತರ ಆಸುಪಾಸಿನ ಮನುಷ್ಯ. ಜಗತ್ತಿನಲ್ಲಿ ಬೇರಾರೂ ದಡ ಮುಟ್ಟಿಸಲಾಗದ ಎಂಜಿನ್ನನ್ನು ಪಳಗಿಸಿದವರು. ಅವರದೇ ಆರ್‌ಎಕ್ಸ್-7ರ ಎದುರು ಈ ಸ್ಪಿಟ್‌ಫೈರ್ ಲೆಕ್ಕಕ್ಕೇ ಇಲ್ಲ. 1962ರ ವಿನ್ಯಾಸ, ಬಡಕಲು ಎಂಜಿನ್, ತಯಾರಕರೇ ಕೈಬಿಟ್ಟ ಮಾಲು. ಆದರೂ ಬೆಟ್ಟ ಇಳಿಯುವ ಹೊತ್ತಿಗೆ, ಆ ಪತ್ರಕರ್ತರು ಹೇಳಿದ್ದರಲ್ಲಿ ಹುರುಳಿದೆಯೆಂಬುದು ಅವರಿಗೆ ಮನವರಿಕೆಯಾಗಿತ್ತು.

ಇಲ್ಲಿ ನನ್ನದೊಂದು ಬಾಲ್ಯದ ನೆನಪನ್ನು ಸೇರಿಸದೆ ಇರಲಾರೆ. ನಮ್ಮ ಊರಿನ ಡಾಕ್ಟರರ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಕಾರಿತ್ತು. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾರು. ಟ್ರಯಂಫ್ ಹೆರಾಲ್ಡಿನ ಭಾರತೀಯ ಅವತಾರ. ಅದರ ಬಾನೆಟ್ಟು ಎರಡೂ ಬದಿಯ ಮಡ್‌ಗಾರ್ಡುಗಳನ್ನು ಜತೆಗೆ ಎತ್ತಿಕೊಂಡು ಮೂತಿಯ ಕಡೆಗೆ ಮಗುಚುತ್ತಿತ್ತು. ಮೆಕ್ಯಾನಿಕ್ಕು ಮುಂದಿನ ಟೈರಿನ ಮೇಲೆ ಆರಾಮವಾಗಿ ಕುಳಿತು ಬೀಡಿ ಹಚ್ಚಿ ಎಂಜಿನ್ ಬಿಚ್ಚುತ್ತಿದ್ದ. ನಾವು ಸುತ್ತ ನೆರೆದು ನೋಡುತ್ತಿದ್ದೆವು. ಸ್ಪಿಟ್‌ಫೈರ್ ಆ ಹೆರಾಲ್ಡಿನ ಒಡಹುಟ್ಟು. ಅದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಇಟಾಲಿಯನ್ ಮಿಕೆಲೊತ್ತಿಯವರ ಕೈಯಿಂದ ಹೊಸ ಮೈ ತೊಡಿಸಿದ್ದು. ಬಾನೆಟ್ಟೂ ಹಾಗೆಯೇ ಮಗುಚುತ್ತದೆ. ತುಂಬಾ ಬಿರುಸಾಗಿ ತಿರುಗಿಸಿದರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ದೋಷವೂ ಮೊದಮೊದಲು ಬಳುವಳಿಯಾಗಿ ಬಂದಿತ್ತು; 1970ರ ಸುಮಾರಿಗೆ ತಿದ್ದಿದರು. ಅಂದರೆ ಜಪಾನಿನ ಆ ದೊಡ್ಡ ಎಂಜಿನಿಯರನ್ನು ಒಲಿಸಿಕೊಂಡದ್ದು ನಮ್ಮ ಡಾಕ್ಟರರ ಕಾರಿನ ತಮ್ಮನೆಂದು ತಿಳಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಡಾಕ್ಟರರು ಇದ್ದಿದ್ದರೆ ನಂಬುತ್ತಿರಲಿಲ್ಲ. ಆ ಕಾರನ್ನು ಅವರು ಓಡಿಸಿದ್ದಕ್ಕಿಂತ ನಾವು ತಳ್ಳಿದ್ದೇ ಹೆಚ್ಚು.

ಇತಿಹಾಸದ ಮೇಷ್ಟರಾಗಿ ನನ್ನನ್ನು ಇನ್ನೊಂದು ಸಂಗತಿ ಹೆಚ್ಚು ಹಿಡಿದು ನಿಲ್ಲಿಸಿತು. ಸ್ಪಿಟ್‌ಫೈರ್ ಎಂಬುದು ಯುದ್ಧವಿಮಾನದ ಹೆಸರು. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಪಾಡಿದ ವಿಮಾನ. ಕಾರು ತಯಾರಾಗುತ್ತಿದ್ದ ಊರು ಕೊವೆಂಟ್ರಿ. ಅದೇ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸುಟ್ಟ ಊರು. ಅದರ ಹಳೆಯ ಕೆಥೆಡ್ರಲ್ಲಿನ ಗೋಡೆಗಳು ಈಗಲೂ ಸೂರಿಲ್ಲದೆ ನಿಂತಿವೆ. ಸುಟ್ಟ ಊರಿನಲ್ಲಿ ಹುಟ್ಟಿದ, ಶತ್ರುಪಕ್ಷದ ವಿಮಾನದ ಹೆಸರು ಹೊತ್ತ ಕಾರನ್ನು, ಸುಟ್ಟ ಇನ್ನೊಂದು ಊರಿನಲ್ಲಿ ತಂಗಿಯನ್ನು ಕಳೆದುಕೊಂಡವನು ಓಡಿಸಿ ಮೆಚ್ಚಿಕೊಂಡ. ನನ್ನ ಪಾಠದಲ್ಲಿ ಕೊವೆಂಟ್ರಿ ಒಂದು ಪುಟದಲ್ಲಿತ್ತು, ಹಿರೋಶಿಮಾ ಇನ್ನೊಂದರಲ್ಲಿ.

ಮೆಚ್ಚಿದ್ದನ್ನು ಹಾಗೆಯೇ ನಕಲು ಮಾಡಿಬಿಟ್ಟರೆಂದು ತಿಳಿಯಬೇಡಿ. ಬಾಬ್ ಹಾಲ್ 1981ರಲ್ಲಿ ಪತ್ರಿಕೋದ್ಯಮ ಬಿಟ್ಟು ಮಾಜ್ದಾದ ಕ್ಯಾಲಿಫೋರ್ನಿಯಾ ಕಚೇರಿ ಸೇರಿದ್ದರು. ಮೂರು ವಿನ್ಯಾಸಗಳ ನಡುವೆ ಸ್ಪರ್ಧೆ ಏರ್ಪಟ್ಟಿತು. ತೋಕಿಯೋದವರ ಎರಡರಲ್ಲಿ ಒಂದಕ್ಕೆ ಮುಂದಿನ ಚಕ್ರಗಳಿಗೆ ಚಾಲನೆ, ಇನ್ನೊಂದಕ್ಕೆ ನಡುವಿನಲ್ಲಿ ಎಂಜಿನ್. ಕ್ಯಾಲಿಫೋರ್ನಿಯಾದವರದು ಹಳೆಯ ಇಂಗ್ಲಿಷ್ ಕ್ರಮ: ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. 1984ರಲ್ಲಿ ಗೆದ್ದದ್ದು ಅದೇ. ಆ ವರ್ಷವೇ ಕಂಪನಿ ತನ್ನ ಗಾಡಿಯ ಹೆಸರನ್ನು ತಾನೇ ಇಟ್ಟುಕೊಂಡು ಮಾಜ್ದಾ ಆಯಿತು; ಯಮಾಮೊತೊ ಅದರ ಅಧ್ಯಕ್ಷರಾದರು. ಮಾದರಿ ಕಾರನ್ನು ಇಂಗ್ಲೆಂಡಿನಲ್ಲಿ ಕಟ್ಟಿಸಿ 1985ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಓಡಿಸಿದಾಗ ದಾರಿಹೋಕರು ಬೆನ್ನುಹತ್ತಿ ಬಂದು, ಇದು ಎಲ್ಲಿ ಸಿಗುತ್ತದೆಂದು ವಿಚಾರಿಸಿದರಂತೆ.

ತೊಶಿಹಿಕೊ ಹಿರಾಯಿ ಎಂಬ ಮುಖ್ಯ ಎಂಜಿನಿಯರರು ಇಟ್ಟುಕೊಂಡ ಸೂತ್ರ ಜಿಂಬಾ ಇತ್ತಾಯಿ. ಕುದುರೆ ಮತ್ತು ಸವಾರ ಒಂದೇ ದೇಹವಾಗುವುದು. ಇದಕ್ಕಾಗಿ ಎಂಜಿನ್ನನ್ನು ಮುಂದಿನ ಅಚ್ಚಿಗಿಂತ ಹಿಂದಕ್ಕೆ ಸರಿಸಿ, ಇಬ್ಬರು ಕುಳಿತಾಗ ಭಾರ ಮುಂದಕ್ಕರ್ಧ ಹಿಂದಕ್ಕರ್ಧ ಹಂಚಿಹೋಗುವಂತೆ ನೋಡಿಕೊಂಡರು. ಗೇರು ಪೆಟ್ಟಿಗೆಯಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ತೊಲೆಯೊಂದನ್ನು ಬಿಗಿದರು. ಕಾಲು ಒತ್ತಿದೊಡನೆ ಚಕ್ರ ಓಗೊಡಬೇಕು, ನಡುವೆ ತೊನೆದಾಟ ಇರಕೂಡದು. ಜಪಾನಿನ ಮಾರುಕಟ್ಟೆಯ ಮೊದಲ ಕಾರಿನ ತೂಕ 940 ಕಿಲೋ. ಎಂಜಿನ್ 1.6 ಲೀಟರಿನದು, ರೋಟರಿಯಲ್ಲ, ಸಾಧಾರಣ ನಾಲ್ಕು ಸಿಲಿಂಡರಿನದು. ತನ್ನ ಜೀವಮಾನದ ಸಾಧನೆಯಾದ ಎಂಜಿನ್ ಇಲ್ಲದ ಕಾರಿಗೆ ಆ ಮನುಷ್ಯ ಒಪ್ಪಿಗೆ ಕೊಟ್ಟರಲ್ಲ, ಅದು ನನ್ನ ಮಟ್ಟಿಗೆ ರೋಟರಿಯನ್ನು ಗೆದ್ದದ್ದಕ್ಕಿಂತ ದೊಡ್ಡದು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲವೇನೋ. ಸಹೋದ್ಯೋಗಿಯ ಪಾಠದ ವಿಧಾನ ನನ್ನದಕ್ಕಿಂತ ಚೆನ್ನಾಗಿದೆಯೆಂದು ತಿಳಿದ ಮೇಲೂ ಎಷ್ಟು ವರ್ಷ ನನ್ನದನ್ನೇ ಹಿಡಿದುಕೊಂಡಿದ್ದೆ!

1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಕಾರು ಬಿಡುಗಡೆಯಾಯಿತು. ಬೆಲೆ 13,800 ಡಾಲರ್. 2000ದಲ್ಲಿ, ಎರಡಾಸನದ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ತಯಾರಾದದ್ದೆಂದು ಗಿನ್ನೆಸ್ ದಾಖಲೆ ಸೇರಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ಮುಟ್ಟಿತು. ಯಮಾಮೊತೊ ಅದನ್ನೂ ಕಂಡರು. 2017ರ ಡಿಸೆಂಬರಿನಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಹೆಸರನ್ನು ನಾನು ಮೊದಲು ಓದಿದ್ದು ಎರಡು ವರ್ಷ ತಡವಾಗಿ.

ನನ್ನ ವಿದ್ಯಾರ್ಥಿ ತನ್ನ ಜರ್ಮನ್ ಕಾರನ್ನು ಮಾರಿದನೇ ಎಂದು ಕೆಲವರು ಕೇಳಬಹುದು. ಅಂದು ಮಾರಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಅದರಲ್ಲಿ ತಪ್ಪು ಹುಡುಕುತ್ತಿದ್ದ. ಬಾಗಿಲು ಭಾರ, ಸ್ಟಿಯರಿಂಗ್ ಮಂದ ಎಂದು. ಮರುವರ್ಷ ಫೋನಿನಲ್ಲಿ, "ಸಾರ್, ತಗೊಂಡೆ. ಕೆಂಪು ಬಣ್ಣ. ಮನೆಯಲ್ಲಿ ಇನ್ನೂ ಬೈಗುಳ ನಿಂತಿಲ್ಲ" ಎಂದ.

ಆ ಪ್ರಶ್ನೆ ಕೇಳಿದವರು ಹುಡುಗನೋ ಹುಡುಗಿಯೋ ಎಂಬುದೂ ನನಗೆ ನೆನಪಿಲ್ಲ. ಕಿಟಕಿಯ ಪಕ್ಕದ ಸಾಲು, ಹಿಂದಿನಿಂದ ಎರಡನೆಯ ಬೆಂಚು ಎಂಬುದಷ್ಟೇ ಕಣ್ಣಿಗೆ ಕಟ್ಟಿದೆ. ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆಯಿರಿ.