ಈಚಲ ರಸದ ಎರಡು ಲೆಕ್ಕ

ಗ್ರೀಸ್ ದೇಶದ ದಕ್ಷಿಣಕ್ಕೆ, ಕಡಲ ನಡುವೆ, ಸ್ಯಾಂಟೊರಿನಿ ಎಂಬ ದ್ವೀಪವುಂಟು. ಸುಮಾರು 3,600 ವರ್ಷಗಳ ಹಿಂದೆ ಅಲ್ಲಿಯ ಜ್ವಾಲಾಮುಖಿ ಸಿಡಿದು ನೆಲದ ಬಹುಭಾಗ ಸಮುದ್ರಕ್ಕೆ ಕುಸಿಯಿತು. ಉಳಿದ ಬೂದಿನೆಲದಲ್ಲಿ ರೈತರು ದ್ರಾಕ್ಷಿಬಳ್ಳಿಯನ್ನು ಬಿರುಗಾಳಿಗೆ ಸಿಕ್ಕದಂತೆ ಬುಟ್ಟಿಯ ಹಾಗೆ ಸುತ್ತಿ ನೆಲಕ್ಕಂಟಿಸಿ ಬೆಳೆಸುತ್ತಾರೆ. ಅದರ ಬಿಳಿಯ ದ್ರಾಕ್ಷಾಮದ್ಯವನ್ನು ಸವಿದವರು, ಇದು ನಿಂಬೆಯ ಹುಳಿ, ಇದು ಕಡಲಿನ ಉಪ್ಪು, ಇದು ಕಲ್ಲಿನ ಕಂಪು ಎಂದು ಬಿಡಿಬಿಡಿಯಾಗಿ ವರ್ಣಿಸುತ್ತಾರೆ. ನೆಲದ ಗುಣ ನಾಲಗೆಯಲ್ಲಿ ತಿಳಿಯುತ್ತದೆಂಬುದು ಅವರ ನಂಬಿಕೆ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೂ ತನ್ನದೇ ಆದ ಒಂದು ಬಿಳಿಯ ಪಾನವಿತ್ತು. ಅದು ಈಚಲ ಹೆಂಡ. ಬಿಳಿಗಿರಿರಂಗನ ಬೆಟ್ಟದ ಬಂಡೆಗಳಿಗೆ 200 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅವುಗಳ ಮುಂದೆ ಸ್ಯಾಂಟೊರಿನಿಯ ಬೂದಿ ಎಳೆಯ ಮಗು. ಈಚಲಾದರೋ ಹಳ್ಳದ ದಂಡೆಯಲ್ಲಿ ಯಾರೂ ನೆಡದೆ ಬೆಳೆಯುವ ಮರ. ಸಂಜೆ ಅದರ ಕುತ್ತಿಗೆಯನ್ನು ಕೆತ್ತಿ ಗಡಿಗೆ ಕಟ್ಟಿದರೆ ಬೆಳಗಿನ ಹೊತ್ತಿಗೆ ರಸ ಇಳಿದಿರುತ್ತದೆ. ಮೊದಲು ಸಿಹಿ, ಬಿಸಿಲೇರಿ ನೊರೆಯೆದ್ದಂತೆ ಹುಳಿ, ಸಂಜೆಗೆ ಕಟು. ಒಂದೇ ಹಗಲಿನಲ್ಲಿ ಅದರ ಬಾಲ್ಯ, ಯೌವನ, ಮುಪ್ಪು ಮುಗಿಯುತ್ತವೆ. ಈ ರುಚಿಯನ್ನು ಬರೆದಿಟ್ಟವರು ಯಾರು? ಬರೆದವರು ಅಬಕಾರಿಯವರು, ಅವರು ಬರೆದದ್ದು ರುಚಿಯನ್ನಲ್ಲ, ತೆರಿಗೆಯನ್ನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಅದರೊಳಗಿನ ಊರು. ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಎರಡೂ ಕಡೆ ಹರಿಯುವ ಸುವರ್ಣಾವತಿ ಒಂದೇ, ಈಚಲೂ ಒಂದೇ. ಕಾಯಿದೆ ಮಾತ್ರ ಎರಡಾಯಿತು. ಮದರಾಸಿನವರು 1886ರಲ್ಲಿ, ಮೈಸೂರಿನವರು 1901ರಲ್ಲಿ ತಮ್ಮ ತಮ್ಮ ಅಬಕಾರಿ ಶಾಸನಗಳನ್ನು ಮಾಡಿದರು. ಹೀಗೆ ಈಚಲು ಸರಕಾರದ ಆದಾಯದ ಬಾಬಾಯಿತು.

1948ರ ಅಕ್ಟೋಬರ್ 2ರ ಹೊತ್ತಿಗೆ ಮದರಾಸು ಪ್ರಾಂತವೆಲ್ಲ ಪಾನನಿರೋಧಕ್ಕೆ ಒಳಪಟ್ಟಿತು. ನಿನ್ನೆ ತೆರಿಗೆ ತಂದ ಗಡಿಗೆ ಇಂದು ಅಪರಾಧದ ಸಾಕ್ಷಿ! ಇದನ್ನು ಬರಿಯ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಕೂಲಿಯ ಕಾಸು ಅಂಗಡಿಯಲ್ಲಿ ಕರಗಿದಾಗ ಉಪವಾಸ ಮಲಗಿದವರು ಹೆಂಗಸರು, ಮಕ್ಕಳು. ಆದರೆ ಮರ ಹತ್ತಿ ಬದುಕುತ್ತಿದ್ದ ಈಡಿಗರ ಒಲೆಯೂ ಆರಿತೆಂಬುದನ್ನು ಮರೆಯಬಾರದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಹಳೆಯ ಗಡಿ ಅಳಿಯಿತು. ಮುಂದೆ 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿಯೂ ನಿಂತಿತು.

ಇದು ಕಡತದ ಲೆಕ್ಕ. ಜನರ ಬಳಿ ಇನ್ನೊಂದು ಲೆಕ್ಕವಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದಾನೆ. ಕಸುಬಿನ ಹೆಸರನ್ನು ಅವನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ದೇವರೇ ಕುಷ್ಠರೋಗಿಯಾಗಿ, ಹೆಂಡ ಮಾಂಸಗಳೊಡನೆ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿದ್ದವರು ಮೂಗು ಮುಚ್ಚಿಕೊಳ್ಳುತ್ತಾರೆ. ಪರೀಕ್ಷೆ ಹೆಂಡಕ್ಕಲ್ಲ, ಬಾಗಿಲಿಗೆ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಯ ಜಾತ್ರೆಗೆ ನೆರೆದವರ ಪಂಕ್ತಿಸೇವೆಯಲ್ಲಿ ಆ ಪ್ರಶ್ನೆಗೆ ಉತ್ತರವುಂಟು: ಹಲವು ಜಾತಿಯವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.

ಹೆಂಡವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ದೂರದ ದ್ವೀಪದ ಮದ್ಯದಲ್ಲಿ ಕಲ್ಲಿನ ಕಂಪನ್ನು ಗುರುತಿಸುವ ನಾವು, ನಮ್ಮ ಹಳ್ಳದ ದಂಡೆಯ ಮರವನ್ನೂ ಅದನ್ನು ಹತ್ತಿದವನನ್ನೂ ಗುರುತಿಸಬೇಡವೆ? ಸ್ಯಾಂಟೊರಿನಿಯವರು ತಮ್ಮ ಪಾನದಲ್ಲಿ ನೆಲವನ್ನು ಸವಿದರು. ನಮ್ಮ ನೀಲಗಾರರು ತಮ್ಮ ಪಾನದಲ್ಲಿ ಮನುಷ್ಯನನ್ನು ಅಳೆದರು. ಎರಡನೆಯ ಅಳತೆ ಕಿರಿದೇನಲ್ಲ.